ಚಿನ್ನದ ನ್ಯಾನೋಕಣ: ಮಾಡುವುದು ಸುಲಭ, ಬಿಡಿಬಿಡಿಯಾಗಿ ಇಡುವುದು ಕಷ್ಟ

ಗೋಲ್ಡ್ ಕ್ಲೋರೈಡ್ ದ್ರಾವಣ ಕುದಿಸಿ, ಅದಕ್ಕೆ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಸುರಿದು ಚಿನ್ನದ ನ್ಯಾನೋಕಣ, ಅಂದರೆ ಮೀಟರಿನ ನೂರು ಕೋಟಿಯ ಹತ್ತಾರು ಪಾಲಿನಷ್ಟೇ ಅಗಲದ ಕಣ, ಮಾಡುವ ಪ್ರಯೋಗ ಈಗ ಎಂಎಸ್ಸಿ ಪ್ರಯೋಗಾಲಯಗಳಿಗೂ ಬಂದಿದೆ. ತಿಳಿ ಹಳದಿ ದ್ರಾವಣ ಕೆಲವೇ ನಿಮಿಷಗಳಲ್ಲಿ ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆದರೆ ಅದೇ ದ್ರಾವಣವನ್ನು ಉಪ್ಪಿರುವ ಬಫರ್‌ಗೆ (ಪಿಎಚ್ ಸ್ಥಿರವಾಗಿಡುವ ದ್ರಾವಣಕ್ಕೆ) ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿ ನೀಲಿಯಾಗುತ್ತದೆ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೆ ಟ್ಯೂಬಿನ ಗೋಡೆಗೆ ಕಪ್ಪಾಗಿ ಅಂಟುತ್ತದೆ, ಫ್ರೀಜರ್‌ನಲ್ಲಿ ಇಟ್ಟು ಕರಗಿಸಿದರೆ ತಳದಲ್ಲಿ ಪುಡಿ ಕೂರುತ್ತದೆ. ಕಣಗಳು ಹುಟ್ಟುವುದಕ್ಕೆ ಹತ್ತು ನಿಮಿಷ ಸಾಕು. ಅವು ಒಂದಕ್ಕೊಂದು ಅಂಟದಂತೆ ತಿಂಗಳುಗಟ್ಟಲೆ ಇಡುವುದಕ್ಕೆ ಗಾಜು ತೊಳೆಯುವಾಗಿನಿಂದಲೇ ಎಚ್ಚರ ಬೇಕು. ಇಲ್ಲಿ ಎರಡನ್ನೂ ಅಳತೆ ಸಮೇತ ಬರೆದಿದ್ದೇನೆ.

ಈ ಕೆಂಪು ದ್ರಾವಣ ಹೊಸದೇನಲ್ಲ. 1857ರಲ್ಲಿ ಮೈಕೆಲ್ ಫ್ಯಾರಡೆ ಗೋಲ್ಡ್ ಕ್ಲೋರೈಡನ್ನು ರಂಜಕದಿಂದ ಅಪಕರ್ಷಿಸಿ, ಅಂದರೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸಿ, ಇಂಥದೇ ದ್ರಾವಣ ಮಾಡಿದ್ದರು. ಕೆಂಪಿಗೆ ಕಾರಣ ಅತಿ ಸೂಕ್ಷ್ಮವಾದ ಲೋಹದ ಚಿನ್ನವೇ ಎಂದು ಗುರುತಿಸಿದರು, ಉಪ್ಪು ಹಾಕಿದರೆ ಅದು ನೀಲಿಯಾಗುವುದನ್ನೂ ಬರೆದಿಟ್ಟರು. ಅವರ ಕೆಲವು ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಈಗಲೂ ಇವೆ. ನಾವು ಬಳಸುವ ಸಿಟ್ರೇಟ್ ವಿಧಾನವನ್ನು 1951ರಲ್ಲಿ ಟರ್ಕೆವಿಚ್, ಸ್ಟೀವನ್‌ಸನ್ ಮತ್ತು ಹಿಲಿಯರ್ ವಿವರವಾಗಿ ಅಧ್ಯಯನ ಮಾಡಿದರು. ಸಿಟ್ರೇಟ್ ಪ್ರಮಾಣ ಬದಲಿಸಿ ಕಣದ ಗಾತ್ರ ಬದಲಿಸಬಹುದೆಂದು 1973ರಲ್ಲಿ ಫ್ರೆನ್ಸ್ ತೋರಿಸಿದರು.

ಗಾಜು ಮತ್ತು ನೀರು

ಹಾಳಾದ ಬ್ಯಾಚುಗಳಲ್ಲಿ ಬಹುಪಾಲು ಹಾಳಾಗಿರುವುದು ಒಲೆ ಹಚ್ಚುವ ಮೊದಲೇ. ಫ್ಲಾಸ್ಕಿನ ಗೋಡೆಯಲ್ಲಿ ಹಿಂದಿನ ಪ್ರಯೋಗದ ಚಿನ್ನ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಹೊಸ ಚಿನ್ನ ಹೋಗಿ ಅದರ ಮೇಲೆಯೇ ಕೂರುತ್ತದೆ. ಗೋಡೆಯಲ್ಲಿ ಕನ್ನಡಿಯಂಥ ಹೊಳಪು ಕಂಡರೆ ಕಾರಣ ಇದೇ. ಹಾಗಾಗಿ ಫ್ಲಾಸ್ಕ್, ಕಂಡೆನ್ಸರ್, ಸ್ಟರಿಂಗ್ ಬಾರ್ ಎಲ್ಲವನ್ನೂ ಆಗಷ್ಟೇ ಮಾಡಿದ ಆಕ್ವಾ ರೀಜಿಯಾದಲ್ಲಿ ತೊಳೆಯಬೇಕು. ಮೂರು ಭಾಗ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಭಾಗ ನೈಟ್ರಿಕ್ ಆಮ್ಲ, ಫ್ಯೂಮ್ ಹುಡ್ ಒಳಗೇ ಬೆರೆಸಬೇಕು. ಕನ್ನಡಕ, ಗ್ಲೌಸ್, ಏಪ್ರನ್ ಇಲ್ಲದೆ ಮುಟ್ಟಬಾರದು. ಅದನ್ನು ಮುಚ್ಚಿದ ಬಾಟಲಿಯಲ್ಲಿ ಇಡಲೇಬಾರದು, ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಅಸಿಟೋನಿನಿಂದ ತೊಳೆದ ಗಾಜನ್ನು ನೇರವಾಗಿ ಇದಕ್ಕೆ ಹಾಕುವುದೂ ಅಪಾಯ. ಬಳಸಿ ಉಳಿದ ಆಕ್ವಾ ರೀಜಿಯಾವನ್ನು ಹುಡ್ ಒಳಗೆ ತೆರೆದಿಟ್ಟು, ಅದರ ಕಾವು ಇಳಿದ ಮೇಲೆ ನೀರಿಗೆ ನಿಧಾನವಾಗಿ ಸುರಿದು ತೆಳು ಮಾಡಿ, ಆಮೇಲಷ್ಟೇ ವಿಲೇವಾರಿಗೆ ಕಳಿಸಬೇಕು.

ಆಮ್ಲದ ನಂತರ ಶುದ್ಧ ನೀರಿನಲ್ಲಿ ಕಡಿಮೆಯೆಂದರೂ ಐದಾರು ಸಲ ತೊಳೆಯಿರಿ. ಕೊನೆಯ ತೊಳೆತ ನಲ್ಲಿ ನೀರಿನಲ್ಲಿ ಆಗಬಾರದು. ಬೋರ್‌ವೆಲ್ ನೀರಿರುವ ಬೆಂಗಳೂರು, ಕೋಲಾರದ ಕಡೆಯ ಕಾಲೇಜುಗಳಲ್ಲಿ ಇದನ್ನು ಎರಡು ಸಲ ಹೇಳಬೇಕು. ಆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಕಣಗಳಿಗೆ ಸೋಡಿಯಂಗಿಂತ ಎಷ್ಟೋ ಪಟ್ಟು ಕೆಟ್ಟವು. ಯಾಕೆಂದು ಮುಂದೆ ಬರುತ್ತದೆ. ನೀರು 18.2 ಮೆಗಾಓಮ್-ಸೆಂ.ಮೀ. ಶುದ್ಧತೆಯದ್ದಾಗಿರಲಿ, ಅಂದೇ ಹಿಡಿದದ್ದಾಗಿರಲಿ. ಗೀರು ಬಿದ್ದ ಟೆಫ್ಲಾನ್ ಸ್ಟರಿಂಗ್ ಬಾರ್ ಬಳಸಬೇಡಿ, ಗೀರುಗಳಲ್ಲಿ ಚಿನ್ನ ಕೂತು ಎಷ್ಟು ತೊಳೆದರೂ ಹೋಗುವುದಿಲ್ಲ. ಗಾಜಿನ ಕೀಲುಗಳಿಗೆ ಗ್ರೀಸ್ ಹಚ್ಚುವುದೂ ಬೇಡ.

ಗೋಲ್ಡ್ ಕ್ಲೋರೈಡ್ ಅಂದರೆ ಇಲ್ಲಿ ಟೆಟ್ರಾಕ್ಲೋರೋಆರಿಕ್ ಆಮ್ಲದ ಟ್ರೈಹೈಡ್ರೇಟ್, ಅಣುತೂಕ 393.83. ಇದು ಗಾಳಿಯ ತೇವ ಹೀರಿ ನೋಡನೋಡುತ್ತಲೇ ಒದ್ದೆಯಾಗುತ್ತದೆ, ಮಳೆಗಾಲದಲ್ಲಂತೂ ತಕ್ಕಡಿಯ ಮೇಲೆಯೇ ತೂಕ ಏರುತ್ತಿರುತ್ತದೆ. ಸ್ಟೀಲ್ ಸ್ಪ್ಯಾಚುಲಾ ತಾಗಿಸಿದರೆ ಅದನ್ನು ಕೊರೆದು ಅದರ ಮೇಲೆ ಚಿನ್ನವಾಗಿ ಕೂರುತ್ತದೆ. ಸ್ವಲ್ಪ ಸ್ವಲ್ಪ ತೂಗುವ ಗೋಜಿಗೇ ಹೋಗದೆ, 1 ಗ್ರಾಂ ಸೀಸೆಯನ್ನು ಒಡೆದ ದಿನವೇ ಪೂರ್ತಿ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಡುವುದು ಒಳ್ಳೆಯದು. ಅದು ಶೇ. 1ರ ಸ್ಟಾಕ್, ಅಂದರೆ 25.4 ಮಿಲಿಮೋಲಾರ್ (ಲೀಟರಿಗೆ ಅಷ್ಟು ಮಿಲಿಮೋಲ್). ಕಂದು ಬಾಟಲಿಯಲ್ಲಿ, ಕತ್ತಲೆಯಲ್ಲಿ, 4 ಡಿಗ್ರಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಸಿಟ್ರೇಟ್ ದ್ರಾವಣ ಮಾತ್ರ ಆಯಾ ದಿನವೇ ಮಾಡಿಕೊಳ್ಳಬೇಕು, ಅದರಲ್ಲಿ ಬೂಷ್ಟು ಬಲು ಬೇಗ ಬೆಳೆಯುತ್ತದೆ.

13 ನ್ಯಾನೋಮೀಟರ್ ಕಣ

250 ಮಿ.ಲೀ. ಎರಡು ಕುತ್ತಿಗೆಯ ಫ್ಲಾಸ್ಕಿಗೆ 96 ಮಿ.ಲೀ. ನೀರು, 3.94 ಮಿ.ಲೀ. ಸ್ಟಾಕ್ ಹಾಕಿ. ಇದು ಸುಮಾರು 100 ಮಿ.ಲೀ., 1 ಮಿಲಿಮೋಲಾರ್. ಒಂದು ಕುತ್ತಿಗೆಗೆ ಕಂಡೆನ್ಸರ್, ಇನ್ನೊಂದಕ್ಕೆ ಮುಚ್ಚಳ. ಜೋರಾಗಿ ಕಲಕುತ್ತ ಕುದಿಸಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಲದು, ಕಂಡೆನ್ಸರಿನಿಂದ ಹನಿ ಒಂದೇ ಸಮನೆ ತೊಟ್ಟಿಕ್ಕಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100ಕ್ಕೆ. ಪ್ರಯೋಗ ಎರಡೂ ಕಡೆ ನಡೆಯುತ್ತದೆ, ಆದರೆ ಒಂದೂರಿನ ಫಲಿತಾಂಶವನ್ನು ಇನ್ನೊಂದೂರಿನದ್ದಕ್ಕೆ ಹೋಲಿಸುವಾಗ ತಾಪಮಾನ ನಮೂದಿಸಿರಬೇಕು.

ಅಷ್ಟರಲ್ಲಿ 114 ಮಿ.ಗ್ರಾಂ. ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟನ್ನು 10 ಮಿ.ಲೀ. ನೀರಿನಲ್ಲಿ ಕರಗಿಸಿ ಇಟ್ಟುಕೊಳ್ಳಿ. ಇದು 38.8 ಮಿಲಿಮೋಲಾರ್, ಚಿನ್ನದ ಒಂದು ಪಾಲಿಗೆ ಸಿಟ್ರೇಟ್ 3.9 ಪಾಲು. ಈ ಹತ್ತು ಮಿ.ಲೀ.ಯನ್ನೂ ಒಂದೇ ಏಟಿಗೆ ಸುರಿಯಬೇಕು. ಪಿಪೆಟ್ಟಿನಿಂದ ಹನಿಹನಿಯಾಗಿ ಬಿಟ್ಟರೆ ಮೊದಲು ಹುಟ್ಟಿದ ಕಣಗಳು ಬೆಳೆಯುತ್ತಿರುವಾಗಲೇ ಇನ್ನಷ್ಟು ಕಣಗಳು ಹುಟ್ಟುತ್ತ ಹೋಗುತ್ತವೆ, ಕೊನೆಗೆ ದೊಡ್ಡದು ಚಿಕ್ಕದು ಎಲ್ಲ ಬೆರೆತು ಸಿಗುತ್ತದೆ.

ಸುರಿದ ಮೇಲೆ ಹಳದಿ ಮಾಯವಾಗಿ ಬಣ್ಣವಿಲ್ಲದ ನೀರಾಗುತ್ತದೆ, ಆಮೇಲೆ ಬೂದು, ಮಸಿಯಂಥ ಕಡು ನೇರಳೆ, ಕೊನೆಗೆ ಮಾಣಿಕ್ಯದ ಕೆಂಪು. ನಡುವಿನ ಆ ಮಸಿ ಬಣ್ಣ ನೋಡಿ ಕೆಲಸ ಕೆಟ್ಟಿತೆಂದು ಹೊಸಬರು ಒಲೆ ಆರಿಸಿಬಿಡುತ್ತಾರೆ. ಆರಿಸಬೇಡಿ. ಹತ್ತು ನಿಮಿಷ ಕುದಿಸಿ, ಒಲೆ ತೆಗೆದು ಇನ್ನೊಂದು ಹದಿನೈದು ನಿಮಿಷ ಕಲಕಿ, ತಣಿದ ಮೇಲೆ 0.45 ಮೈಕ್ರಾನ್ ಮೆಂಬ್ರೇನಿನಲ್ಲಿ ಸೋಸಿ.

ಸಿಟ್ರೇಟ್ ಇಲ್ಲಿ ಮೂರು ಕೆಲಸ ಮಾಡುತ್ತದೆ. ಚಿನ್ನದ ಅಯಾನನ್ನು ಲೋಹವಾಗಿ ಅಪಕರ್ಷಿಸುತ್ತದೆ, ಹುಟ್ಟಿದ ಕಣದ ಮೇಲೆ ಕೂತು ಅದಕ್ಕೆ ಋಣ ವಿದ್ಯುದಂಶ ಕೊಡುತ್ತದೆ, ಜೊತೆಗೆ ದ್ರಾವಣದ ಪಿಎಚ್ ಹಿಡಿದಿಡುತ್ತದೆ. ಈ ಮೂರನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೋಲ್ಡ್ ಕ್ಲೋರೈಡ್ ಆಮ್ಲೀಯ. ಸಿಟ್ರೇಟ್ ಕಡಿಮೆಯಾದರೆ ಪಿಎಚ್ ತಗ್ಗಿಯೇ ಉಳಿಯುತ್ತದೆ, ಚಿನ್ನ ಹೆಚ್ಚು ಚುರುಕಾಗಿರುತ್ತದೆ, ಕಣದ ಗಾತ್ರ ಹರಡಿಕೊಳ್ಳುತ್ತದೆ.

ದೊಡ್ಡ ಕಣ ಬೇಕಾದರೆ

ಫ್ರೆನ್ಸ್ ಕೊಟ್ಟ ದಾರಿ ಸರಳ: ಶೇ. 0.01ರ ಗೋಲ್ಡ್ ಕ್ಲೋರೈಡ್ 50 ಮಿ.ಲೀ. ಕುದಿಸಿ, ಶೇ. 1ರ ಸಿಟ್ರೇಟ್ 1 ಮಿ.ಲೀ. ಹಾಕಿದರೆ ಸುಮಾರು 16 ನ್ಯಾ.ಮೀ., 0.5 ಮಿ.ಲೀ. ಹಾಕಿದರೆ ಸುಮಾರು 41, 0.3 ಹಾಕಿದರೆ 70ರ ಆಸುಪಾಸು. ಸಿಟ್ರೇಟ್ ಕಡಿಮೆಯಾದಷ್ಟೂ ಕಣ ದೊಡ್ಡದು. ನನ್ನ ಅಭಿಪ್ರಾಯದಲ್ಲಿ 30 ನ್ಯಾ.ಮೀ. ದಾಟಿದ ಮೇಲೆ ಈ ದಾರಿ ಹಿಡಿಯಬಾರದು. ಕಣ ಗೋಳವಾಗಿ ಉಳಿಯದೆ ಉದ್ದುದ್ದವಾಗುತ್ತದೆ, ಒಂದೇ ಬ್ಯಾಚಿನಲ್ಲಿ ಗಾತ್ರಗಳು ಬೆರೆಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಕಡಿಮೆ ಸಿಟ್ರೇಟಿನಲ್ಲಿ ಹುಟ್ಟಿದ ಕಣಕ್ಕೆ ರಕ್ಷಣೆಯೂ ಅಷ್ಟೇ ಕಡಿಮೆ.

ಮೊದಲು ಚಿಕ್ಕ ಕಣ ಮಾಡಿ, ಅದರ ಮೇಲೆಯೇ ಚಿನ್ನ ಕೂರಿಸುತ್ತ ಹೋಗುವ ‘ಬೀಜ ಬೆಳೆಸುವ’ ವಿಧಾನ ಇದಕ್ಕಿಂತ ಮೇಲು. ಬಾಸ್ಟುಸ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಕ್ರಮದಲ್ಲಿ 2.2 ಮಿಲಿಮೋಲಾರ್ ಸಿಟ್ರೇಟ್ 150 ಮಿ.ಲೀ. ಕುದಿಸಿ, ಅದಕ್ಕೆ 25 ಮಿಲಿಮೋಲಾರ್ ಗೋಲ್ಡ್ ಕ್ಲೋರೈಡ್ 1 ಮಿ.ಲೀ. ಸೇರಿಸುತ್ತಾರೆ. ಕ್ರಮ ತಿರುವುಮುರುವು, ಇಲ್ಲಿ ಚಿನ್ನ ಬಂದು ಸಿಟ್ರೇಟಿಗೆ ಬೀಳುತ್ತದೆ. ಮೇಲೆ ಹೇಳಿದ ಶೇ. 1ರ ಸ್ಟಾಕ್ ಇದಕ್ಕೆ ಹಾಗೇ ಒದಗುತ್ತದೆ. ಹತ್ತು ನಿಮಿಷದಲ್ಲಿ ಸುಮಾರು 10 ನ್ಯಾ.ಮೀ. ಬೀಜ ಸಿದ್ಧ. ಅದನ್ನು 90 ಡಿಗ್ರಿಗೆ ಇಳಿಸಿ, 1 ಮಿ.ಲೀ. ಚಿನ್ನ ಹಾಕಿ ಅರ್ಧ ಗಂಟೆ ಬಿಟ್ಟು, ಮತ್ತೆ 1 ಮಿ.ಲೀ. ಹಾಕಿ ಅರ್ಧ ಗಂಟೆ ಬಿಡುವುದು. ಆಮೇಲೆ 55 ಮಿ.ಲೀ. ಹೊರತೆಗೆದು, 53 ಮಿ.ಲೀ. ನೀರು ಮತ್ತು 60 ಮಿಲಿಮೋಲಾರ್ ಸಿಟ್ರೇಟ್ 2 ಮಿ.ಲೀ. ಸೇರಿಸಿ, ಪುನಃ 90 ಡಿಗ್ರಿಗೆ ತಂದು ಅದೇ ಸುತ್ತು. ಪ್ರತಿ ಸುತ್ತಿಗೂ ಕಣ ಒಂದಿಷ್ಟು ದಪ್ಪವಾಗುತ್ತದೆ. 90 ಡಿಗ್ರಿಗೆ ಇಳಿಸುವುದನ್ನು ಬಿಡಬೇಡಿ. ಕುದಿಯುವ ಶಾಖದಲ್ಲಿ ಹಾಕಿದ ಚಿನ್ನ ಹಳೆಯ ಬೀಜದ ಮೇಲೆ ಕೂರುವ ಬದಲು ಹೊಸ ಕಣಗಳಾಗಿ ಹುಟ್ಟಿಬಿಡುವ ಸಾಧ್ಯತೆ ಹೆಚ್ಚು, ಅದು ಕಂಡುಬರುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ಮಾತ್ರ.

ಬಣ್ಣ ಓದುವುದು

ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ಉಪಕರಣ ಒಂದಿದ್ದರೆ ದಿನನಿತ್ಯದ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. 13 ನ್ಯಾ.ಮೀ. ಕಣಕ್ಕೆ ಹೀರಿಕೆಯ ಶಿಖರ 518ರಿಂದ 520 ನ್ಯಾ.ಮೀ. ತರಂಗಾಂತರದಲ್ಲಿ ಇರಬೇಕು, 50 ನ್ಯಾ.ಮೀ.ಗೆ 530ರ ಮೇಲೆ ಹೋಗುತ್ತದೆ. 400 ನ್ಯಾ.ಮೀ. ತರಂಗಾಂತರದಲ್ಲಿ 1 ಸೆಂ.ಮೀ. ಕ್ಯುವೆಟ್‌ನ ಹೀರಿಕೆ 1.2 ಇದ್ದರೆ ದ್ರಾವಣದಲ್ಲಿ ಲೋಹದ ಚಿನ್ನ ಸುಮಾರು 0.5 ಮಿಲಿಮೋಲಾರ್ ಇದೆ ಎಂದರ್ಥ. ಹಾಕಿದ ಚಿನ್ನವೆಲ್ಲ ಕಣವಾಯಿತೇ ಎಂದು ಇದರಿಂದಲೇ ತಿಳಿಯುತ್ತದೆ. ಮೇಲಿನ ಬ್ಯಾಚಿನಲ್ಲಿ ಕೊನೆಯ ಪ್ರಮಾಣ 0.91 ಮಿಲಿಮೋಲಾರ್ ಆದ್ದರಿಂದ ಐದು ಪಟ್ಟು ತೆಳು ಮಾಡಿ ಅಳೆಯಿರಿ. ತೆಳು ಮಾಡುವಾಗ ಬರೀ ನೀರು ಬೇಡ, 2 ಮಿಲಿಮೋಲಾರ್ ಸಿಟ್ರೇಟ್ ಬಳಸಿ.

ಇನ್ನೊಂದು ಸಂಖ್ಯೆ 650ರಲ್ಲಿನ ಹೀರಿಕೆಯನ್ನು 520ರದ್ದರಿಂದ ಭಾಗಿಸಿದ್ದು. ಕಣಗಳು ಜೋಡಿಯಾಗಿ, ಗುಂಪಾಗಿ ಅಂಟತೊಡಗಿದರೆ 600ರ ಆಚೆ ಭುಜ ಏಳುತ್ತದೆ. ಕಣ್ಣಿಗೆ ಇನ್ನೂ ಕೆಂಪಾಗಿಯೇ ಕಾಣುತ್ತಿರುವಾಗ ಈ ಅನುಪಾತ ಏರಲು ಶುರುವಾಗಿರುತ್ತದೆ. ಮಾಡಿದ ದಿನದ ಅನುಪಾತ ಬಾಟಲಿಯ ಮೇಲೆಯೇ ಬರೆದಿಡಿ.

ಡಿಎಲ್‌ಎಸ್ (ಚದುರಿದ ಬೆಳಕಿನ ಏರಿಳಿತದಿಂದ ಕಣದ ಗಾತ್ರ ಅಳೆಯುವ ಉಪಕರಣ) ತೋರಿಸುವ ಗಾತ್ರವನ್ನು ಮಾತ್ರ ಹುಷಾರಾಗಿ ಓದಬೇಕು. ಬೆಳಕಿನ ಚದುರುವಿಕೆ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, 130 ನ್ಯಾ.ಮೀ.ಯ ಒಂದೇ ಒಂದು ಚಿನ್ನದ ಕಣ 13 ನ್ಯಾ.ಮೀ.ಯ ಹತ್ತು ಲಕ್ಷ ಕಣಗಳಷ್ಟು ಸದ್ದು ಮಾಡುತ್ತದೆ.

ಯಾಕೆ ಅಂಟುತ್ತವೆ, ಹೇಗೆ ತಡೆಯುವುದು

ಎರಡು ಚಿನ್ನದ ಕಣಗಳು ಹತ್ತಿರ ಬಂದರೆ ವ್ಯಾನ್ ಡರ್ ವಾಲ್ಸ್ ಸೆಳೆತ ಅವನ್ನು ಎಳೆಯುತ್ತದೆ. ಲೋಹಗಳಲ್ಲಿ ಈ ಸೆಳೆತ ಜಾಸ್ತಿ. ಸಿಟ್ರೇಟ್ ಕೊಟ್ಟ ಋಣ ವಿದ್ಯುದಂಶ ದೂರ ತಳ್ಳುತ್ತದೆ. ಇವೆರಡರ ಲೆಕ್ಕವೇ ಡೆರ್ಯಾಗಿನ್, ಲ್ಯಾಂಡೌ, ವೆರ್ವೆ, ಓವರ್‌ಬೀಕ್ ಹೆಸರಿನ ಡಿಎಲ್‌ವಿಒ ಸಿದ್ಧಾಂತ. ತಳ್ಳುವ ಬಲ ಎಷ್ಟು ದೂರ ಚಾಚುತ್ತದೆ ಎನ್ನುವುದನ್ನು ನೀರಿನಲ್ಲಿರುವ ಉಪ್ಪು ತೀರ್ಮಾನಿಸುತ್ತದೆ. 1 ಮಿಲಿಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ಅದು ಸುಮಾರು 10 ನ್ಯಾ.ಮೀ., 100 ಮಿಲಿಮೋಲಾರಿನಲ್ಲಿ ಬರೀ 1 ನ್ಯಾ.ಮೀ. ಅಷ್ಟು ಕುಗ್ಗಿದ ಮೇಲೆ ಸೆಳೆತ ಗೆಲ್ಲುತ್ತದೆ. ಜೀವಶಾಸ್ತ್ರದ ಪ್ರಯೋಗಗಳಲ್ಲಿ ಬಳಸುವ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು) ಬಫರ್‌ನಲ್ಲಿ ಸೋಡಿಯಂ ಕ್ಲೋರೈಡೇ 137 ಮಿಲಿಮೋಲಾರ್ ಇರುತ್ತದೆ, ಸಿಟ್ರೇಟ್ ಕಣ ಅದರಲ್ಲಿ ಉಳಿಯುವ ಮಾತೇ ಇಲ್ಲ. ಕ್ಯಾಲ್ಸಿಯಂನಂಥ ಎರಡು ಧನಾಂಶದ ಅಯಾನು ಇನ್ನೂ ತೀವ್ರ. ಸಿದ್ಧಾಂತದ ಲೆಕ್ಕದಲ್ಲಿ ಸೋಡಿಯಂನ 64ರಲ್ಲಿ ಒಂದು ಪಾಲು ಇದ್ದರೂ ಸಾಕು. ಬೋರ್‌ವೆಲ್ ನೀರಿನ ಬಗ್ಗೆ ಎಚ್ಚರಿಸಿದ್ದು ಅದಕ್ಕೇ. ಫ್ರೀಜರ್‌ನಲ್ಲಿ ನಡೆಯುವುದೂ ಇದೇ: ಮಂಜುಗಡ್ಡೆ ಬೆಳೆಯುತ್ತ ಕಣಗಳನ್ನೂ ಉಪ್ಪನ್ನೂ ಉಳಿದ ಚೂರು ನೀರಿಗೆ ಒತ್ತಿ ತುಂಬುತ್ತದೆ.

ಹಾಗಾದರೆ ವಿದ್ಯುದಂಶವನ್ನೇ ನಂಬದ ರಕ್ಷಣೆ ಬೇಕು. ಕಣದ ಸುತ್ತ ನೀರನ್ನು ಇಷ್ಟಪಡುವ ಉದ್ದನೆಯ ಪಾಲಿಮರ್ ಎಳೆಗಳನ್ನು ಕಟ್ಟಿದರೆ, ಎರಡು ಕಣಗಳು ಹತ್ತಿರ ಬಂದಾಗ ಎಳೆಗಳು ಒತ್ತಿಕೊಳ್ಳುತ್ತವೆ, ನಡುವೆ ನೀರು ನುಗ್ಗಿ ದೂರ ತಳ್ಳುತ್ತದೆ. ಇದಕ್ಕೆ ಉಪ್ಪಿನ ಹಂಗಿಲ್ಲ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಒಂದು ತುದಿಯಲ್ಲಿ ಥಯಾಲ್ (ಗಂಧಕ-ಹೈಡ್ರೋಜನ್ ಗುಂಪು) ಇರುವ ಪೆಗ್, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್. ಥಯಾಲಿನ ಗಂಧಕ ಚಿನ್ನವನ್ನು ಸಿಟ್ರೇಟಿಗಿಂತ ಎಷ್ಟೋ ಬಿಗಿಯಾಗಿ ಹಿಡಿಯುವುದರಿಂದ ಸಿಟ್ರೇಟನ್ನು ಸರಿಸಿ ತಾನು ಕೂರುತ್ತದೆ.

ಎಷ್ಟು ಪೆಗ್ ಹಾಕಬೇಕೆಂದು ಅಂದಾಜಿನಲ್ಲಿ ಹೇಳುವ ಬದಲು ಲೆಕ್ಕ ಮಾಡೋಣ. 13 ನ್ಯಾ.ಮೀ. ಗೋಳದ ಘನಗಾತ್ರ 1150 ಘನ ನ್ಯಾ.ಮೀ., ಪ್ರತಿ ಘನ ನ್ಯಾ.ಮೀ.ಗೆ 59 ಚಿನ್ನದ ಪರಮಾಣು, ಅಂದರೆ ಒಂದು ಕಣದಲ್ಲಿ ಸುಮಾರು 68,000. ಒಟ್ಟು ಚಿನ್ನ 0.91 ಮಿಲಿಮೋಲಾರ್ ಆದ್ದರಿಂದ ಕಣಗಳ ಸಾಂದ್ರತೆ ಸುಮಾರು 13.4 ನ್ಯಾನೋಮೋಲಾರ್. ಒಂದು ಕಣದ ಮೇಲ್ಮೈ 531 ಚದರ ನ್ಯಾ.ಮೀ. ಪ್ರತಿ ಚದರ ನ್ಯಾ.ಮೀ.ಗೆ ಹತ್ತು ಎಳೆಯಂತೆ ಧಾರಾಳವಾಗಿಯೇ ಹಾಕಿದರೆ ಕಣವೊಂದಕ್ಕೆ 5310 ಎಳೆ, ಒಟ್ಟು 71 ಮೈಕ್ರೋಮೋಲಾರ್. 5000 ಅಣುತೂಕದ ಪೆಗ್ ಆದರೆ 10 ಮಿ.ಲೀ. ದ್ರಾವಣಕ್ಕೆ 3.6 ಮಿ.ಗ್ರಾಂ. ಇದನ್ನು ಅರ್ಧ ಮಿ.ಲೀ. ನೀರಿನಲ್ಲಿ ಆಗಲೇ ಕರಗಿಸಿ, ಕಣದ ದ್ರಾವಣ ಕಲಕುತ್ತಿರುವಾಗ ಒಮ್ಮೆಲೇ ಹಾಕಿ, ರಾತ್ರಿಯಿಡೀ ಬಿಡಿ. ಹಳೆಯ ಪೆಗ್ ದ್ರಾವಣ ಬಳಸಬೇಡಿ, ಥಯಾಲುಗಳು ಗಾಳಿಯಲ್ಲಿ ಜೋಡಿಯಾಗಿ ಡೈಸಲ್ಫೈಡ್ ಆಗುತ್ತವೆ, ಹಿಡಿತ ಸಡಿಲವಾಗುತ್ತದೆ. ಮುಂದೆ ಈ ಕಣಗಳನ್ನು ಡಿಟಿಟಿ ಅಥವಾ ಮರ್ಕ್ಯಾಪ್ಟೋಎಥನಾಲ್ ಇರುವ ಬಫರ್‌ಗೆ ಹಾಕಬೇಡಿ. ಅವೂ ಥಯಾಲುಗಳೇ, ಪೆಗ್ಗನ್ನು ಕಿತ್ತು ತಾವು ಕೂರುತ್ತವೆ.

ಪೆಗ್ ಕೂತ ಮೇಲೆ ತೊಳೆಯುವುದು, ಮೊದಲಲ್ಲ. ಸಿಟ್ರೇಟ್ ಕಣವನ್ನು ಸೆಂಟ್ರಿಫ್ಯೂಜಿನಲ್ಲಿ ಒತ್ತಿ ಮೇಲಿನ ನೀರು ಚೆಲ್ಲಿದರೆ ಸಡಿಲವಾಗಿ ಕೂತಿದ್ದ ಸಿಟ್ರೇಟೂ ಹೋಗುತ್ತದೆ, ತಳದ ಉಂಡೆ ಮತ್ತೆ ಬಿಡಿಯಾಗುವುದಿಲ್ಲ. ಪೆಗ್ ಹೊದ್ದ 13 ನ್ಯಾ.ಮೀ. ಕಣಕ್ಕೆ 15,000 ಜಿ (ಗುರುತ್ವದ 15,000 ಪಟ್ಟು ಬಲ) ಆಸುಪಾಸಿನಲ್ಲಿ ಅರ್ಧ ಗಂಟೆ ಬೇಕಾಗುತ್ತದೆ, 40 ನ್ಯಾ.ಮೀ.ಗೆ ಅಷ್ಟೆಲ್ಲ ಬೇಡ, ಕೆಲವು ಸಾವಿರ ಜಿ, ಹತ್ತು ಹದಿನೈದು ನಿಮಿಷ. ಆರ್‌ಪಿಎಂ ಬರೆದಿಡುವುದರಿಂದ ಪ್ರಯೋಜನವಿಲ್ಲ, ರೋಟರ್ ಬದಲಾದರೆ ಬಲವೂ ಬದಲಾಗುತ್ತದೆ. ತಳದಲ್ಲಿ ಎಣ್ಣೆಯ ತೊಟ್ಟಿನಂತೆ ಜಾರುವ ಕಡುಗೆಂಪು ದ್ರವ ಕೂತರೆ ಸರಿ. ಗಟ್ಟಿ ಕಪ್ಪು ಚುಕ್ಕೆ ಕೂತರೆ ಹೊದಿಕೆ ಸಾಲದು.

ಉಪ್ಪಿನ ಪರೀಕ್ಷೆ

ಹೊದಿಕೆ ಸಾಕೇ ಎಂದು ತಿಳಿಯಲು ನೂರು ವರ್ಷ ದಾಟಿದ ಒಂದು ಪರೀಕ್ಷೆ ಇದೆ, ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂದೇ ನನ್ನ ನಂಬಿಕೆ. 1925ರ ನೊಬೆಲ್ ಪಡೆದ ರಿಚರ್ಡ್ ಝಿಗ್ಮಂಡಿ ‘ಗೋಲ್ಡ್ ನಂಬರ್’ ಎಂಬ ಅಳತೆ ಕೊಟ್ಟರು: 10 ಮಿ.ಲೀ. ಚಿನ್ನದ ದ್ರಾವಣಕ್ಕೆ ಶೇ. 10ರ ಉಪ್ಪುನೀರು 1 ಮಿ.ಲೀ. ಹಾಕಿದಾಗ ಬಣ್ಣ ತಿರುಗದಂತೆ ತಡೆಯಲು ರಕ್ಷಕ ವಸ್ತು ಎಷ್ಟು ಮಿಲಿಗ್ರಾಂ ಬೇಕು ಎಂಬುದು. ಸಂಖ್ಯೆ ಚಿಕ್ಕದಾದಷ್ಟೂ ರಕ್ಷಣೆ ಗಟ್ಟಿ. ಜೆಲಾಟಿನ್‌ಗೆ 0.005ರಿಂದ 0.01, ಅರೇಬಿಕ್ ಗೋಂದಿಗೆ 0.15ರಿಂದ 0.25. ರಸಾಯನಶಾಸ್ತ್ರ ಓದಿದವರು ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಅಂಕಿಗಳು ಬೆಂಚಿನ ಮೇಲೆ ದಿನವೂ ಉಪಯೋಗಕ್ಕೆ ಬರುವಂಥವು.

ಸಣ್ಣ ಅಳತೆಯಲ್ಲಿ ಮಾಡುವುದು ಹೀಗೆ: 100 ಮೈಕ್ರೋಲೀಟರ್ ಕಣದ ದ್ರಾವಣ, ಅದಕ್ಕೆ ಶೇ. 10ರ ಸೋಡಿಯಂ ಕ್ಲೋರೈಡ್ 10 ಮೈಕ್ರೋಲೀಟರ್, ಹತ್ತು ನಿಮಿಷ ಕಾಯುವುದು. ಪಕ್ಕದಲ್ಲಿ ಬರೀ ಸಿಟ್ರೇಟ್ ಕಣದ ಟ್ಯೂಬ್ ಒಂದು ಇರಲೇಬೇಕು. ಅದು ನೀಲಿಯಾಗಿ, ಹೊದಿಕೆಯದ್ದು ಕೆಂಪಾಗಿ ಉಳಿದರೆ ಮಾತ್ರ ಫಲಿತಾಂಶಕ್ಕೆ ಅರ್ಥ. ಎರಡೂ ಕೆಂಪಾಗಿದ್ದರೆ ಉಪ್ಪುನೀರನ್ನೇ ಅನುಮಾನಿಸಿ.

ಗರ್ಭ ಪರೀಕ್ಷೆಯಂಥ ಸ್ಟ್ರಿಪ್‌ಗಳಿಗೆ ಪ್ರತಿಕಾಯ ಅಂಟಿಸುವವರಿಗೆ ಈ ಪರೀಕ್ಷೆ ಇಲ್ಲದೆ ದಿನ ಸಾಗದು. ಅಲ್ಲಿ ಬಳಸುವುದು ಹೆಚ್ಚಾಗಿ 40 ನ್ಯಾ.ಮೀ. ಕಣ. ಮೊದಲು ದ್ರಾವಣದ ಪಿಎಚ್ ಅನ್ನು ಪೊಟ್ಯಾಸಿಯಂ ಕಾರ್ಬೊನೇಟಿನಿಂದ ಪ್ರತಿಕಾಯದ ಐಸೋಎಲೆಕ್ಟ್ರಿಕ್ ಬಿಂದುವಿಗಿಂತ (ಅದರ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) ತುಸು ಮೇಲಕ್ಕೆ ತರಬೇಕು. ಪಿಎಚ್ ನೋಡಲು ಕಾಗದದ ಪಟ್ಟಿ ಬಳಸಿ; ಹೊದಿಕೆಯಿಲ್ಲದ ಕಣಗಳು ಎಲೆಕ್ಟ್ರೋಡಿನ ರಂಧ್ರದಲ್ಲಿ ಕೂತು ಅದನ್ನು ಮುಚ್ಚಿಬಿಡುತ್ತವೆ. ನಂತರ ಸಾಲಾಗಿ ಟ್ಯೂಬುಗಳಲ್ಲಿ ಒಂದು ಮಿ.ಲೀ.ಗೆ 0, 2, 4, 6, 8, 10, 15 ಮೈಕ್ರೋಗ್ರಾಂನಂತೆ ಪ್ರತಿಕಾಯ ಹಾಕಿ, ಹತ್ತು ನಿಮಿಷ ಬಿಟ್ಟು, ಹತ್ತನೇ ಒಂದು ಪಾಲು ಉಪ್ಪುನೀರು ಸೇರಿಸಿ. ಸಾಲಿನುದ್ದಕ್ಕೂ ಟ್ಯೂಬುಗಳು ನೀಲಿ, ನೇರಳೆ, ಆಮೇಲೆ ಕೆಂಪು. ಕೆಂಪಾಗಿ ಉಳಿದ ಮೊದಲ ಟ್ಯೂಬಿನ ಪ್ರಮಾಣಕ್ಕೆ ಶೇ. 10ರಿಂದ 20 ಸೇರಿಸಿ ದೊಡ್ಡ ಬ್ಯಾಚಿಗೆ ಬಳಸಿ, ಕೊನೆಯಲ್ಲಿ ಶೇ. 1ರಷ್ಟು ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನ್) ಹಾಕಿ ಖಾಲಿ ಉಳಿದ ಜಾಗ ಮುಚ್ಚಿ. ಪಿಎಚ್ ಆ ಐಸೋಎಲೆಕ್ಟ್ರಿಕ್ ಬಿಂದುವಿಗಿಂತ ಕೆಳಗಿದ್ದರೆ ಪ್ರತಿಕಾಯದ ಧನಾಂಶ ಕಣಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ, ಉಪ್ಪು ಹಾಕುವ ಮೊದಲೇ ಟ್ಯೂಬ್ ನೇರಳೆಯಾಗುತ್ತದೆ.

ಬೆಳ್ಳಿಗೆ ಇದೇ ಪಾಕ ಅನ್ವಯಿಸಬೇಡಿ. ಸಿಟ್ರೇಟ್ ಹಾಕಿ ಕುದಿಸಿದ ಬೆಳ್ಳಿಯಲ್ಲಿ ಗೋಳ, ಕಡ್ಡಿ, ತ್ರಿಕೋನ ಎಲ್ಲ ಒಟ್ಟಿಗೇ ಹುಟ್ಟುತ್ತವೆ. ಮೇಲಾಗಿ ಅದು ಗಾಳಿಗೆ ನಿಧಾನವಾಗಿ ಕರಗಿ ಅಯಾನು ಬಿಡುತ್ತಿರುತ್ತದೆ, ಕ್ಲೋರೈಡ್ ಸಿಕ್ಕರೆ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಹಾಗಾಗಿ ಬೆಳ್ಳಿಗೆ ಮಾಡುವ ಉಪ್ಪಿನ ಪರೀಕ್ಷೆಗೆ ಕ್ಲೋರೈಡ್ ಬದಲು ಸೋಡಿಯಂ ನೈಟ್ರೇಟ್ ಬಳಸಬೇಕು.

ಸಿದ್ಧವಾದ ಚಿನ್ನದ ದ್ರಾವಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ತೊಳೆದ ಗಾಜಿನ ಬಾಟಲಿಯಲ್ಲಿ ತುಂಬಿ, 4 ಡಿಗ್ರಿಯಲ್ಲಿ ಬೆಳಕಿಗೆ ದೂರವಾಗಿ ಇಡಿ. ಫ್ರಿಜ್ಜಿನ ಹಿಂಬದಿಯ ಗೋಡೆಗೆ ತಾಗಿಸಿ ಇಡಬೇಡಿ, ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ತಳದಲ್ಲಿ ಬರೀ ಕೆಂಪು ಕೂತಿದ್ದರೆ ಅದು ತೂಕಕ್ಕೆ ಇಳಿದದ್ದು, ಮೆಲ್ಲಗೆ ಅಲುಗಿಸಿದರೆ ಮತ್ತೆ ಬೆರೆಯುತ್ತದೆ. ಕಪ್ಪು ಪುಡಿ ಕೂತಿದ್ದರೆ ಶಬ್ದದಲೆಯಿಂದ ಅಲುಗಿಸುವ ಸೋನಿಕೇಟರ್‌ಗೆ ಹಾಕಿದರೂ ಮರಳಿ ಬರುವುದಿಲ್ಲ; ಕಣಗಳು ಲೋಹಕ್ಕೆ ಲೋಹ ಬೆಸೆದುಕೊಂಡಿರುತ್ತವೆ. ಅಂಥ ಪುಡಿ, ಕೆಟ್ಟ ಬ್ಯಾಚು, ಫಿಲ್ಟರಿನ ಉಳಿಕೆ ಎಲ್ಲವನ್ನೂ ಬೇರೆಯೇ ಒಂದು ಬಾಟಲಿಯಲ್ಲಿ ಕೂಡಿಡಿ. ಆಕ್ವಾ ರೀಜಿಯಾದಲ್ಲಿ ಕರಗಿಸಿ ಆ ಚಿನ್ನವನ್ನು ಪುನಃ ಕ್ಲೋರೈಡ್ ಮಾಡಿಕೊಳ್ಳಬಹುದು, ಸಿಂಕಿಗೆ ಚೆಲ್ಲುವಂಥ ವಸ್ತು ಅದಲ್ಲ.